ತಲೆ ಕೊಟ್ಟು ಗೋಲು ತಡೆದ ಭಾವ

ನನ್ನ ಭಾವನ ತಲೆ ಗಟ್ಟಿ ಎಂದರೆ ಅದು ಬೈಗುಳವಲ್ಲ, ಕಣ್ಣಾರೆ ಕಂಡವಳ ಸಾಕ್ಷಿ! ಎಲ್ಲರೂ ತಲೆಯನ್ನು ಯೋಚಿಸುವುದಕ್ಕೆ ಇಟ್ಟುಕೊಂಡಿದ್ದರೆ ಇವರು ಗೋಲು ತಡೆಯುವುದಕ್ಕೆ ಇಟ್ಟುಕೊಂಡಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಉಡುಪಿಯಿಂದ ಬಂದು ಮುಂಬಯಿ ಪಕ್ಕದ ಡೊಂಬಿವಲಿಯ ಚಾಳಿನಲ್ಲಿ ಅಕ್ಕನ ಮನೆಯಲ್ಲಿದ್ದೆ, ಠಾಣೆಯ ಆಫೀಸೊಂದರಲ್ಲಿ ಟೈಪಿಸ್ಟ್. ಭಾವ ಠಾಣೆಯದೇ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದರು. ಭಾನುವಾರ ಮಾತ್ರ ಅದರ ಹಾಕಿ ತಂಡದ ಗೋಲ್‌ಕೀಪರ್. ಕಾಲಿಗೆ ದಿಂಬಿನಂಥ ಪ್ಯಾಡು, ಕೈಗೆ ಗ್ಲೌಸು, ತಲೆಗೆ? ತೆಂಗಿನೆಣ್ಣೆ! ಆಗ ನಮಗೆ ಹೆಲ್ಮೆಟ್ ಎಂದರೆ ಸ್ಕೂಟರಿನವರದು. ಚೆಂಡು ಬಡಿದು ಬುಗುಟೆ ಎದ್ದರೆ, ಮನೆಗೆ ಬಂದವರಿಗೆ ಚಾ ಕೊಡುವ ಮೊದಲೇ "ಮುಟ್ಟಿ ನೋಡಿ, ಮುಟ್ಟಿ ನೋಡಿ" ಎಂದು ತಲೆ ಬಗ್ಗಿಸುತ್ತಿದ್ದರು. ನನ್ನನ್ನು ನೋಡಲು ಬಂದ ವರನೂ ಮುಟ್ಟಿ ನೋಡಿದ್ದಾನೆ. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ!

ಅವರ ತಂಡವಾದರೂ ಬುದ್ಧಿವಂತರದ್ದೇ? ಯಾರ ತಲೆಗಾದರೂ ಪೆಟ್ಟು ಬಿದ್ದರೆ ಕ್ಯಾಪ್ಟನ್, ವಿಜಾಪುರದ ಒಬ್ಬ ಫಿಟ್ಟರ್, ಮುಖಕ್ಕೆ ನೀರು ಎರಚಿ ಲೋಕಲ್ ರೈಲಿನ ಸ್ಟೇಷನ್ನುಗಳ ಹೆಸರು ಹೇಳಿಸುತ್ತಿದ್ದ. ತಪ್ಪದೆ ಹೇಳಿದರೆ ತಲೆ ನೆಟ್ಟಗಿದೆ, ಆಡಬಹುದು. ದಿನಾ ಲೋಕಲ್ಲಿನ ಬಾಗಿಲಿಗೆ ನೇತಾಡುವವರಿಗೆ ಇದೂ ಒಂದು ಪರೀಕ್ಷೆಯೇ? ಭಾವ ನಿದ್ದೆಯಲ್ಲೂ ಹೇಳುತ್ತಿದ್ದರು, ಅಕ್ಕ ಕೇಳಿದ್ದಾಳೆ!

ಕಲ್ಯಾಣದ ಮೈದಾನದಲ್ಲಿ ಸೆಮಿಫೈನಲ್. ನಾನೂ ನೋಡಲು ಹೋಗಿದ್ದೆ. ಚೆಂಡು ನೇರ ಭಾವನ ಕಿವಿಯ ಮೇಲ್ಗಡೆ ಬಡಿಯಿತು. ಆ ಸದ್ದು ನನಗೆ ಬೇಲಿಯಾಚೆ ಕೇಳಿತು. ಭಾವ ಬಿದ್ದರು. ನೀರು ಎರಚಿದರು.

"ಹೇಳ್ರಿ ಸಾಹೇಬ್ರ, ಕಲ್ಯಾಣ?"

"ಠಾಕುರ್ಲಿ, ಡೊಂಬಿವಲಿ, ದಿವಾ, ಮುಂಬ್ರಾ..."

ಪಾಸ್! ಮತ್ತೆ ಗೋಲಿನಲ್ಲಿ ನಿಂತರು. ಗೆದ್ದೂ ಬಿಟ್ಟರು.

ಮರಳುವಾಗ ಗಾಡಿ ಹತ್ತಿದ ಕೂಡಲೇ ಕೇಳಿದರು, "ಯಾರು ಗೆದ್ದದ್ದು?" ನಾವೇ ಎಂದೆ. ಖುಷಿಯಿಂದ ನಕ್ಕರು. ಠಾಕುರ್ಲಿ ದಾಟಿದ ಮೇಲೆ, "ಯಾರು ಗೆದ್ದದ್ದು ಮಾರಾಯ್ತಿ?" ಒಳ್ಳೆಯ ಸುದ್ದಿಯನ್ನು ಇನ್ನೊಮ್ಮೆ ಕೇಳುವ ಆಸೆ ಎಂದು ನಾನೂ ನಕ್ಕೆ. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಕಂಬಿ ಹಿಡಿದು ನಿಂತು, "ಅಲ್ಲ, ಯಾರು ಗೆದ್ದದ್ದು?" ಆ ಕಣ್ಣಿನಲ್ಲಿ ತಮಾಷೆ ಇರಲಿಲ್ಲ.

ಮನೆಗೆ ಬಂದು ವಾಂತಿ ಮಾಡಿಕೊಂಡರು. ಬಲ್ಬಿನ ಬೆಳಕು ಸಹಿಸದೆ ಗೋಡೆಗೆ ಮುಖ ಮಾಡಿ ಮಲಗಿದರು. ಡಾಕ್ಟರು ಬಂದು ನೋಡಿ, ಮಿದುಳು ಅಲುಗಿದೆ, ಅದು ಸುಧಾರಿಸುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯ, ಒಂದು ತಿಂಗಳು ಸ್ಟಿಕ್ ಮುಟ್ಟಕೂಡದು ಎಂದರು. ಅಕ್ಕ ಸೆರಗು ಕಚ್ಚಿ ನಿಂತಳು. ಭಾವ ಎಂತ ಹೇಳಿದರು ಗೊತ್ತೇ? "ಬಿಡು, ಆ ಡಾಕ್ಟರು ಕ್ರಿಕೆಟಿನವರು!"

ಮುಂದಿನ ಭಾನುವಾರವೇ ಫೈನಲ್. ಅಕ್ಕ ಒಂದು ಪ್ಯಾಡನ್ನು ಪಕ್ಕದ ಮನೆಯ ಮರಾಠಿ ಆಯಿಯ ಮಂಚದಡಿ ಅಡಗಿಸಿದಳು. ಒಂದೇ ಪ್ಯಾಡಿನಲ್ಲಿ ಯಾವ ಹುಚ್ಚ ಆಡುತ್ತಾನೆ ಎಂಬುದು ಅವಳ ಧೈರ್ಯ. ಆ ಹುಚ್ಚನ ಜೊತೆಯೇ ಸಂಸಾರ ಮಾಡುತ್ತಿರುವುದು ಅವಳಿಗೆ ಮರೆತುಹೋಗಿತ್ತು! ನಾವು ಚಾಳಿನ ನಲ್ಲಿಯಿಂದ ನೀರು ತರುವಷ್ಟರಲ್ಲಿ ಭಾವ ಒಂದೇ ಪ್ಯಾಡು ಬಗಲಲ್ಲಿಟ್ಟುಕೊಂಡು ಹೊರಟುಹೋಗಿದ್ದರು.

ಸ್ಟೇಷನ್ನಿಗೆ ಓಡಿ ಕಲ್ಯಾಣದ ಲೋಕಲ್ ಹತ್ತಿದೆವು. ಗಾಡಿ ಸಿಗ್ನಲ್ಲಿಗೆ ನಿಂತಿತು. ಅಕ್ಕ ಬಾಗಿಲ ಕಂಬಿ ಹಿಡಿದಿದ್ದಳು. ಮೈದಾನ ಮುಟ್ಟುವಾಗ ಆಟ ಶುರುವಾಗಿತ್ತು. ಒಂಟಿ ಪ್ಯಾಡಿನ ಭಾವ ಗೋಲಿನಲ್ಲಿದ್ದರು. ನಾವು ನೋಡುತ್ತಿದ್ದಂತೆಯೇ ಚೆಂಡು ಅವರ ಕಿವಿಯ ಪಕ್ಕದಿಂದ ಹಾರಿ ಕಂಬಕ್ಕೆ ಬಡಿಯಿತು. ಅವರು ತಡವಾಗಿ ತಿರುಗಿದರು.

ಅಕ್ಕ ಸೀದಾ ಮೈದಾನದೊಳಗೆ ನಡೆದಳು! ಅಂಪೈರ್ ಸೀಟಿ ಊದಿದ. ಅವಳು ಹೋಗಿ ಗೋಲಿನಲ್ಲಿ ಗಂಡನ ಮುಂದೆ ನಿಂತಳು.

ಕ್ಯಾಪ್ಟನ್ ಓಡಿಬಂದ. "ಅಕ್ಕಾರ, ಫೈನಲ್ ಐತ್ರಿ! ಸಾಹೇಬ್ರು ಸ್ಟೇಷನ್ ಎಲ್ಲಾ ಬರೋಬರಿ ಹೇಳ್ಯಾರ್ರಿ!"

"ಸ್ಟೇಷನ್ ಇವರು ಸತ್ತರೂ ಹೇಳಿಯಾರು. ನಾನೊಂದು ಕೇಳ್ತೇನೆ." ಭಾವನ ಕಡೆ ತಿರುಗಿದಳು. "ಹೇಳಿ, ಇವತ್ತು ಬೆಳಿಗ್ಗೆ ನಾನು ತಿಂಡಿ ಎಂತ ಮಾಡಿದ್ದೆ?"

ಭಾವ ಬಾಯಿ ತೆರೆದರು. "ಅದೇ... ಇದು..." ನನ್ನನ್ನು ನೋಡಿದರು. ಕ್ಯಾಪ್ಟನ್‌ನನ್ನು ನೋಡಿದರು. ಕೊನೆಗೆ ಸಣ್ಣ ಸ್ವರದಲ್ಲಿ ಅಂದರು, "ನೆನಪಾಗ್ತಾ ಇಲ್ಲ." ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕ್ಯಾಪ್ಟನ್ ತಾನೇ ಅವರ ಗ್ಲೌಸು ಬಿಚ್ಚಿದ. "ನಡೀರಿ ಸಾಹೇಬ್ರ. ಕಪ್ ಹೋದ್ರ ಹೋಗ್ಲಿ."

ಕಪ್ಪು ಹೋಗಿಯೇ ಹೋಯಿತು. ಬೀದಿಯಲ್ಲಿ ಹೆಂಡತಿಯ ಪಕ್ಕ ನಡೆಯಲೂ ನಾಚುತ್ತಿದ್ದ ನನ್ನ ಭಾವ ಅಂದು ಬೇಲಿಯ ಪಕ್ಕ ಅಷ್ಟು ಗಂಡಸರ ಎದುರು ಅವಳ ಹೆಗಲಿಗೆ ತಲೆಯಿಟ್ಟು ಕೂತಿದ್ದರು. ಅಕ್ಕ ಆ ತಲೆಯ ಮೇಲೆ ಅಂಗೈ ಇಟ್ಟಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಆಟ ದೂರ, ಮೈದಾನದ ಆ ತುದಿಯಲ್ಲಿ ನಡೆದಿತ್ತು. ಆದರೂ ಯಾರಾದರೂ ಚೆಂಡಿಗೆ ಜೋರಾಗಿ ಹೊಡೆದಾಗಲೆಲ್ಲ ಅವಳು ಇನ್ನೊಂದು ಕೈಯನ್ನೂ ಅಡ್ಡ ಹಿಡಿಯುತ್ತಿದ್ದಳು.