ನನ್ನ ಮಾತು ಕೇಳದ ಪಾರ್ಸ್ನಿಪ್

ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳು ನಾನು. ಬೇಯಿಸಿದ ಎಲೆಕೋಸು ಕಂಡು ಮುಖ ತಿರುಗಿಸಿದ ಮಕ್ಕಳೆಲ್ಲ ನನ್ನ ಒಂದು ನೋಟಕ್ಕೆ ಹೆದರಿ ತಟ್ಟೆ ನೆಕ್ಕಿ ಎದ್ದಿದ್ದಾರೆ. ಅವರಲ್ಲೊಬ್ಬ ಈಗ ನಮ್ಮೂರಿನ ಪೊಲೀಸ್ ಸಾರ್ಜೆಂಟ್. ಇವತ್ತಿಗೂ ನಾನು ಎದುರಾದರೆ ಬೀದಿಯಲ್ಲೇ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾನೆ. ಇಂಥ ಮೇವಿಸ್ ಸಗ್ಡೆನ್‌ಗೆ ಒಂದು ಬೀಜ, ಅದೂ ಮೀನಿನ ಹುರುಪೆಯಷ್ಟು ತೆಳ್ಳಗಿನ ಬೀಜ, ಸಡ್ಡು ಹೊಡೆದು ನಿಲ್ಲುತ್ತದೆಂದರೆ ಯಾರಾದರೂ ನಂಬುವ ಮಾತೇ? ಈ ವರ್ಷ ಪಾರ್ಸ್ನಿಪ್ ಬೆಳೆದೇ ತೀರುತ್ತೇನೆಂದು ಫೆಬ್ರವರಿಯ ಚಳಿಯಲ್ಲೇ ಘೋಷಿಸಿದೆ.

ಪಾರ್ಸ್ನಿಪ್ ಅಂದರೆ ಗಜ್ಜರಿಯ ಬಿಳಿಚಿಕೊಂಡ ಅಣ್ಣ. ಮಣ್ಣೊಳಗಿದ್ದು ಹಿಮ ತಿಂದಷ್ಟೂ ಸಿಹಿಯಾಗುವ ಗಡ್ಡೆ. ನಮ್ಮ ಯಾರ್ಕ್‌ಶೈರಿನಲ್ಲಿ ಕ್ರಿಸ್‌ಮಸ್ ಊಟಕ್ಕೆ ಹುರಿದ ಪಾರ್ಸ್ನಿಪ್ ಇಲ್ಲದಿದ್ದರೆ ಮದುಮಗನಿಲ್ಲದ ಮದುವೆ ಇದ್ದ ಹಾಗೆ. ಆದರೆ ಬೀಜದಿಂದ ಏಳುವ ವಿಷಯಕ್ಕೆ ಬಂದರೆ ಅದು ಶುದ್ಧ ಕುಂಭಕರ್ಣ.

ಊರಂಚಿನ ರೈಲು ಹಳಿಯ ಪಕ್ಕದಲ್ಲಿ ತೋಟದ ಸಂಘದ ನೆಲವಿದೆ. ಅದನ್ನು ತುಂಡು ತುಂಡು ಮಾಡಿ ಊರವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಅದರಲ್ಲೊಂದು ತುಂಡು ನನ್ನಪ್ಪನದು, ಈಗ ನನ್ನದು. ಪಕ್ಕದ ತುಂಡು ಹರ್ಬರ್ಟ್ ಮಿಡ್ಗ್ಲಿಯದು. ಹರ್ಬರ್ಟ್ ಸಂಘದ ಕಾರ್ಯದರ್ಶಿ, ಡೇಲಿಯಾ ಹೂವಿನ ಹುಚ್ಚ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವ. ಪ್ರತಿ ವರ್ಷದ ಪ್ರದರ್ಶನದಲ್ಲಿ ಪಾರ್ಸ್ನಿಪ್ಪಿನ ಬಹುಮಾನ ಅವನ ಮನೆಗೇ ದಾರಿ ತಿಳಿದ ಎಮ್ಮೆಯಂತೆ ನಡೆದು ಹೋಗುತ್ತದೆ.

"ಏನು ಬಿತ್ತಿದ್ಯೆ ಮೇವಿಸ್?" ಅಂದ.

"ಪಾರ್ಸ್ನಿಪ್."

"ಹಾಗಾದ್ರೆ ಕೂರೋಕೆ ಒಂದು ಕುರ್ಚಿ ತಂದಿಟ್ಕೋ. ಆಮೇಲೆ ಮಲಗೋಕೆ ಒಂದು ಹಾಸಿಗೆ."

ನಾನು ಕುರ್ಚಿ ತರಲಿಲ್ಲ. ಮೂಲಂಗಿ ಬೀಜ ತಂದೆ. ಪಾರ್ಸ್ನಿಪ್ ಏಳುವುದು ತಡವಾದ್ದರಿಂದ ಸಾಲು ಎಲ್ಲಿದೆಯೆಂದು ಗುರುತಿಗಾಗಿ ಅದೇ ಸಾಲಿನಲ್ಲಿ ಮೂಲಂಗಿ ಬಿತ್ತುವುದು ಇಲ್ಲಿನ ರೂಢಿ. ಮೂಲಂಗಿ ಎದ್ದಿತು, ದಪ್ಪಗಾಯಿತು, ಕೆಂಪಗಾಯಿತು. ಪಾರ್ಸ್ನಿಪ್ಪಿನ ಸುಳಿವಿಲ್ಲ. ಮತ್ತೆ ಬಿತ್ತಿದೆ. ಮತ್ತೆ ಮೂಲಂಗಿ. ನನ್ನ ಗಂಡ ಸಿರಿಲ್ ಅದನ್ನು ಬ್ರೆಡ್ಡು ಬೆಣ್ಣೆಯ ಜೊತೆ ಕಟುಂಕುಟುಂ ಕಡಿಯುತ್ತ, "ಈ ಸಲ ನಿನ್ನ ಪಾರ್ಸ್ನಿಪ್ ಚೆನ್ನಾಗಿ ಬಂದಿದೆ" ಅಂದ. ಸಿರಿಲ್ ಮಾತಾಡುವುದು ಕಡಿಮೆ. ಆಡಿದಷ್ಟೂ ಹೀಗೇ.

ಸಂಘದ ಚಹಾದ ಕೊಟ್ಟಿಗೆಯಲ್ಲಿ ಹರ್ಬರ್ಟ್ ನನ್ನ ಬೆನ್ನು ತಟ್ಟುವವನಂತೆ ಹೇಳಿದ. "ಬಿಟ್ಬಿಡೇ. ಕೆಲವ್ರ ಕೈಗೆ ಕೆಲವು ಹತ್ತಲ್ಲ. ಪಾಪ, ನಿಮ್ಮಪ್ಪನ ಕೈಗೂ ಹತ್ತಿರ್ಲಿಲ್ಲ."

ಅಪ್ಪನ ಹೆಸರು ಎತ್ತಿದ್ದೇ ತಡ, ನನ್ನ ನಾಲಿಗೆ ನನ್ನನ್ನು ಕೇಳದೆ ಎದ್ದು ನಿಂತಿತು. "ಮೇ ಕೊನೆಗೆ ತೋಟದ ತಪಾಸಣೆ ಇದ್ಯಲ್ಲ, ಅಷ್ಟರೊಳಗೆ ಒಂದು ಸಾಲು ಪಾರ್ಸ್ನಿಪ್ ಎಬ್ಬಿಸ್ದೇ ಹೋದ್ರೆ ನನ್ನ ತೋಟದಲ್ಲಿ ಅರ್ಧ ನಿಂಗೆ. ಡೇಲಿಯಾ ನೆಟ್ಕೊಂಡು ಸುಖವಾಗಿರು."

ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ ಸಿರಿಲ್ ಲೋಟ ಕೆಳಗಿಟ್ಟ. "ಅರ್ಧ ಅಂದ್ರೆ ಯಾವ ಅರ್ಧ?"

"ನಿನ್ನ ಗುಡಿಸಲು ಇರೋ ಅರ್ಧ," ಅಂದೆ.

ಆ ಗುಡಿಸಲಲ್ಲಿ ಸಿರಿಲ್ ಸಲಿಕೆ ಇಡುತ್ತಾನೆಂದು ಊರು ನಂಬಿದೆ. ಅಲ್ಲಿರುವುದು ಒಂದು ಹಳೆಯ ಸೋಫಾ, ರೇಡಿಯೊ, ಮತ್ತು ನನ್ನಿಂದ ಸಿಗುವ ಬಿಡುವು. ಅವನ ಮುಖ ಪಾರ್ಸ್ನಿಪ್ಪಿಗಿಂತ ಬಿಳಿಯಾಯಿತು.

ಮನೆಗೆ ಬಂದವಳೇ ಹೊಸ ಯುದ್ಧತಂತ್ರ ಹೂಡಿದೆ. ಹಳೆಯ ಬೀಜ ಏಳುವುದಿಲ್ಲ, ಈ ವರ್ಷದ್ದೇ ಬೇಕು, ಒದ್ದೆ ಬಟ್ಟೆಯ ಮೇಲೆ ಹರಡಿ ಬೆಚ್ಚಗಿಟ್ಟರೆ ಮನೆಯಲ್ಲೇ ಮೊಳಕೆ ಬರುತ್ತದೆ ಎಂದು ರೇಡಿಯೊದ ತೋಟಗಾರ ಹೇಳಿದ್ದ. ನಮ್ಮ ಮನೆಯಲ್ಲಿ ಬೆಚ್ಚಗಿರುವ ಜಾಗ ಒಂದೇ, ಬಿಸಿನೀರಿನ ಹಂಡೆ ಇರುವ ಬೀರು. ಒಗೆದ ಬಟ್ಟೆ ಆರಲೆಂದು ಇಡುವುದೂ ಅಲ್ಲೇ. ಹೊಸ ಪೊಟ್ಟಣ ತಂದು, ಒದ್ದೆ ಮಾಡಿದ ಚಿಕ್ಕ ಟವೆಲ್ ಮೇಲೆ ಬೀಜ ಹರಡಿ, ಮಡಚಿ, ಆ ಬೀರುವಿನಲ್ಲಿಟ್ಟೆ.

ಭಾನುವಾರ ಬೆಳಿಗ್ಗೆ ಚರ್ಚಿನ ಮೇಳದಲ್ಲಿ ಹಾಡಲು ಹೊರಟ ಸಿರಿಲ್ ಮುಖ ತೊಳೆದು, ಕಣ್ಣು ಮುಚ್ಚಿಕೊಂಡೇ ಬೀರುವಿಗೆ ಕೈ ಹಾಕಿ, ಕೈಗೆ ಸಿಕ್ಕ ಟವೆಲ್ ಎಳೆದು ಉಜ್ಜಿಕೊಂಡ. ನಾನು ನೋಡುವ ಹೊತ್ತಿಗೆ ಬಿತ್ತನೆ ಮುಗಿದಿತ್ತು. ಗಡ್ಡೆ ಬೆಳೆಯಲು ಹೊರಟವಳು ಗಂಡನ ಗಡ್ಡದಲ್ಲಿ ಬಿತ್ತಿದ್ದೆ.

"ಅಲ್ಲಾಡ್ಬೇಡ," ಎಂದು ಚಿಮಟ ಹಿಡಿದೆ.

"ಹಾಡೋರು ಕಾಯ್ತಿರ್ತಾರೆ ಮೇವಿಸ್."

"ಹುಬ್ಬಲ್ಲಿ ಇನ್ನೂ ಎರಡಿದೆ."

"ಬಿಡು ಮಾರಾಯ್ತಿ. ಅಲ್ಲಾದ್ರೂ ಮೊಳಕೆ ಬರ್ಬೋದು."

ಆ ದಿನ ಚರ್ಚಿನಲ್ಲಿ ಸಿರಿಲ್ ಕೆಳಸ್ವರ ಹಿಡಿದಾಗಲೆಲ್ಲ ಮುಂದಿನ ಸಾಲಿನ ಹೆಂಗಸಿನ ಟೋಪಿಯ ಮೇಲೆ ಒಂದೊಂದು ಬೀಜ ಉದುರುತ್ತಿತ್ತು. ನಾನು ಪ್ರಾರ್ಥನೆಯಲ್ಲಿ ಮನಸ್ಸಿಡದೆ ಅವನ್ನೇ ನೋಡುತ್ತ ಕೂತೆ. ದೇವರು ಕ್ಷಮಿಸಲಿ, ಎದ್ದು ಹೋಗಿ ಆರಿಸಿಕೊಳ್ಳುವ ಯೋಚನೆಯೂ ಬಂತು.

ಸೋಲೊಪ್ಪುವವಳಲ್ಲ. ಇನ್ನೊಂದು ಪೊಟ್ಟಣ ತಂದೆ. ಈ ಸಲ ಟವೆಲ್ ಬೇಡವೆಂದು ಬಿಸ್ಕತ್ತಿನ ಡಬ್ಬಿಯಲ್ಲಿ ಒದ್ದೆ ಕಾಗದದ ಮೇಲೆ ಹರಡಿ, ಡಬ್ಬಿಗೆ ದಾರ ಬಿಗಿದು, ಮೇಲೆ "ಸಿರಿಲ್, ಮುಟ್ಟಬೇಡ" ಎಂದು ಬರೆದೆ. ಕಾದೆ. ಮಳೆ ಬಂತು, ಹೋಯಿತು, ಹರ್ಬರ್ಟನ ಬಟಾಣಿ ಮೇಲೆದ್ದಿತು, ನಾನು ಕಾದೆ. ಕೊನೆಗೊಂದು ಬೆಳಿಗ್ಗೆ ಡಬ್ಬಿ ತೆರೆದರೆ ಪ್ರತಿ ಬೀಜದ ತುದಿಯಲ್ಲೂ ಬೆಳ್ಳಗಿನ ಪುಟ್ಟ ಬಾಲ. ಎದೆ ತುಂಬಿ ಬಂತು. ಸಿರಿಲ್‌ನನ್ನು ಕೂಗಿ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಹುಳ ಬಿದ್ದಿದೆ" ಅಂದ.

ಈಗ ಹೊಸ ಕಷ್ಟ. ಆ ಬಾಲ ಮುರಿದರೆ ಬೀಜ ಸತ್ತಂತೆ. ಬೆರಳಲ್ಲಿ ಮುಟ್ಟುವಂತಿಲ್ಲ. ರೇಡಿಯೊದ ತೋಟಗಾರನ ಪ್ರಕಾರ ತೆಳ್ಳಗಿನ ಗಂಜಿಯಲ್ಲಿ ಬೀಜ ತೇಲಿಸಿ, ಗಂಜಿಯ ಸಮೇತ ಸಾಲಿಗೆ ಹಿಂಡಬೇಕು. ಗಂಜಿ! ಕಾರ್ನ್‌ಫ್ಲೋರ್ ಕಾಯಿಸುವುದನ್ನು ನನಗೆ ಹೇಳಿಕೊಡಬೇಕೆ? ಒಂದು ಗಂಟಿಲ್ಲದಂತೆ, ರೇಷ್ಮೆಯಂತೆ ಕಾಯಿಸಿ, ಆರಿಸಿ, ಮೊಳಕೆಗಳನ್ನು ಅದರಲ್ಲಿ ಮೆಲ್ಲಗೆ ಬಿಟ್ಟು, ನೀಲಿ ಬೋಗುಣಿಯಲ್ಲಿ ಹಾಕಿ ಉಗ್ರಾಣದ ತಂಪಿನಲ್ಲಿಟ್ಟೆ. ಮಣ್ಣು ಹದಗೊಳಿಸಿ ಬರಲು ಗುದ್ದಲಿ ಹಿಡಿದು ಹೊರಟೆ.

"ಸಿರಿಲ್, ಮಾಂಸ ಒಲೇಲಿದೆ. ರೂಬಾರ್ಬ್ ಪೈ ಉಗ್ರಾಣದಲ್ಲಿದೆ. ಅದರ ಮೇಲೆ ಹುಯ್ಯೋ ಕಸ್ಟರ್ಡ್ ನಾನು ಬಂದ್ಮೇಲೆ ಮಾಡ್ತೀನಿ."

ಪತ್ರಿಕೆಯ ಹಿಂದಿನಿಂದ "ಹೂಂ" ಎಂಬ ಸದ್ದು ಬಂತು. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ಆ ಹೂಂ ನಂಬಿದ್ದು ನನ್ನದೇ ತಪ್ಪು. ಅದಕ್ಕಿಂತ ದೊಡ್ಡ ವಿಷಯವನ್ನು ಅವನು ನನಗೆ ಹೇಳಿರಲೇ ಇಲ್ಲ. ಗುಡಿಸಲು ಉಳಿಸಿಕೊಳ್ಳುವ ಆಸೆಯಿಂದ ಅವತ್ತು ಹರ್ಬರ್ಟನನ್ನು ಸಂಧಾನದ ಊಟಕ್ಕೆ ಕರೆದಿದ್ದ.

ತೋಟದಲ್ಲಿ ಎರಡು ತುಂಡುಗಳ ನಡುವೆ ಬಿಗಿದಿದ್ದ ದಾರದ ಗುಂಟ ನೆಟ್ಟಗೊಂದು ಸಾಲು ತೋಡಿ, ಮಣ್ಣನ್ನು ಬೆರಳಲ್ಲಿ ಪುಡಿಮಾಡಿ, ಸೊಂಟ ಹಿಡಿದುಕೊಂಡು ಮನೆಗೆ ಬಂದರೆ ನನ್ನ ಮೇಜಿನ ಮುಂದೆ ಕೊರಳಿಗೆ ನ್ಯಾಪ್ಕಿನ್ ಸಿಕ್ಕಿಸಿಕೊಂಡು ಹರ್ಬರ್ಟ್ ಕೂತಿದ್ದ. ಮುಂದೆ ರೂಬಾರ್ಬಿನ ಹುಳಿದಂಟು ತುಂಬಿ ಸುಟ್ಟ ಪೈ. ಪೈ ಮೇಲೆ ನೀಲಿ ಬೋಗುಣಿಯ ಬಿಳಿ ಧಾರೆ.

"ಬಾ ಬಾ. ನಿನ್ನ ಕಸ್ಟರ್ಡಿಗೆ ಸಕ್ಕರೆ ಹಾಕೋದು ಮರ್ತಿದೀಯ," ಅಂದ. "ಆದ್ರೆ ಸೋಂಪೋ ಜೀರಿಗೆಯೋ ಏನೋ ಹಾಕಿದೀಯಲ್ಲ, ಬಾಯಿಗೆ ಸಿಕ್ಕಾಗ ಹಿತವಾಗಿದೆ."

ನನ್ನ ಕಣ್ಣೆದುರೇ ಚಮಚ ಮೇಲೇರಿತು. ಅದರ ಅಂಚಿನಲ್ಲಿ ನನ್ನದೊಂದು ಮೊಳಕೆ ಬಾಲ ಅಲ್ಲಾಡಿಸುತ್ತಿತ್ತು. ಒಳಗೆ ಹೋಯಿತು. ನಾನು ಬಾಯಿ ಬಿಟ್ಟರೆ ಸಂಜೆಯೊಳಗೆ ಊರಿಗೆ ಊರೇ ನಗುತ್ತದೆ.

"ಹೊಸ ರೀತಿ," ಎಂದೆ.

"ಹಾಗಾದ್ರೆ ಇನ್ನೊಂದು ಸೌಟು ಹಾಕು."

"ಸಾಕು. ಹೊಟ್ಟೆಗೆ ಭಾರ."

ಇಡೀ ಬದುಕಿನಲ್ಲಿ ಕೇಳಿದವರಿಗೆ ಕಸ್ಟರ್ಡ್ ಇಲ್ಲವೆಂದದ್ದು ಅದೇ ಮೊದಲು. ಬೋಗುಣಿ ಕಿತ್ತುಕೊಂಡೆ. ಸಿರಿಲ್‌ನ ತಟ್ಟೆಯನ್ನೂ ಅವನ ಚಮಚದ ಕೆಳಗಿನಿಂದಲೇ ಎಳೆದುಕೊಂಡೆ. ಅಡುಗೆಮನೆ ಬಾಗಿಲು ಹಾಕಿ, ತಟ್ಟೆ, ಪೈ, ಬೋಗುಣಿ ಎಲ್ಲವನ್ನೂ ಕೆರೆದು, ಕೇಕಿನ ಮೇಲೆ ಕ್ರೀಮ್ ಹಿಂಡುವ ಚೀಲಕ್ಕೆ ತುಂಬಿದೆ. ಸಿರಿಲ್ ಹಿಂಬಾಗಿಲಿಂದ ಇಣುಕಿದ.

"ನಾವು ತಿಂದಿದ್ದೇನು ಮೇವಿಸ್?"

"ನಿನ್ನ ಗುಡಿಸಲು."

ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. "ಒಳಗೆ ಮೊಳಕೆ ಬೆಳೆಯಲ್ಲ ತಾನೆ?"

"ನಿನ್ನೊಳಗೆ ಯಾವುದೂ ಅಷ್ಟು ಬೇಗ ಬೆಳೆಯಲ್ಲ."

ಏಪ್ರನ್ನಿನಲ್ಲೇ ತೋಟಕ್ಕೆ ಓಡಿ, ಮಂಡಿಯೂರಿ, ಸಾಲಿನುದ್ದಕ್ಕೂ ಗಂಜಿ ಹಿಂಡಿದೆ. ಅಲ್ಲಲ್ಲಿ ರೂಬಾರ್ಬಿನ ಚೂರು ಸಿಕ್ಕಿ ಚೀಲ ಪುಸ್ಸೆಂದಿತು. ಹುಟ್ಟಿದ ಹಬ್ಬದ ಕೇಕಿಗೆ ಹಿಂಡಿ ಹಿಂಡಿ ಪಳಗಿದ ಕೈ, ಸಾಲಿನ ಕೊನೆ ಬಂದಾಗ ತಾನಾಗಿಯೇ ಸುತ್ತು ತಿರುಗಿ ಒಂದು ಗುಲಾಬಿ ಹೂವು ಬಿಡಿಸಿಬಿಟ್ಟಿತು. ಹಾಗೇ ಮಣ್ಣು ಮುಚ್ಚಿದೆ.

ಆಮೇಲೆ ಕಾವಲು. ಗುಬ್ಬಿಗೆ ಬೈದೆ, ಬಸವನಹುಳಕ್ಕೆ ಬೈದೆ, ಜೋರುಮಳೆಯಲ್ಲಿ ಸಾಲಿನ ಮೇಲೆ ಛತ್ರಿ ಹಿಡಿದು ನಿಂತೆ. ರೈಲಿನ ಜನ ಕಿಟಕಿಯಿಂದ ಕೈ ಬೀಸಿದರು. ತಪಾಸಣೆಯ ವಾರ ಹತ್ತಿರ ಬಂದಾಗ ನೆಲ ಬಿರಿಯಿತು. ಒಂದು ಹಸಿರು ಎಳೆ. ಇನ್ನೊಂದು. ಆಮೇಲೆ ಉದ್ದಕ್ಕೂ. ಕೊನೆಯಲ್ಲಿ ಸುತ್ತಿಕೊಂಡು ನಿಂತ ಗುಲಾಬಿ ಸಹ.

ತಪಾಸಣೆಯ ದಿನ ಹರ್ಬರ್ಟ್ ಸಂಘದ ಇಬ್ಬರು ಹಿರಿಯರ ಜೊತೆ ಬಂದ. ಬಗ್ಗಿದ. ಒಂದು ಎಲೆ ಹಿಸುಕಿ ಮೂಸಿದ. ಟೋಪಿ ತೆಗೆದ.

"ಪಾರ್ಸ್ನಿಪ್ಪೇ."

"ನನ್ನಪ್ಪನ ಮಗಳು ನಾನು," ಎಂದು ಶುರುಮಾಡಿದೆ. ಸಿದ್ಧಪಡಿಸಿಕೊಂಡಿದ್ದ ಭಾಷಣ ಉದ್ದವಿತ್ತು. ನಡುವೆ ಹರ್ಬರ್ಟ್ ಮೆಲ್ಲಗೆ ಮಂಡಿಯೂರಿ, ಮುಳ್ಳುಗಿಡ ಸರಿಸಿ, ಹುಲ್ಲಿನಲ್ಲಿ ಹುದುಗಿದ್ದ ಒಂದು ಹಳೆಯ ಗೂಟ ತೋರಿಸಿದ.

"ಇದು ಎಲ್ಲೆ ಗೂಟ. ಆ ಕಡೆ ನಿಂದು. ಈ ಕಡೆ ನಂದು."

ನನ್ನ ಸಾಲು, ಗುಲಾಬಿಯ ಸಮೇತ, ಈ ಕಡೆ ಇತ್ತು.

"ಮತ್ತೆ ಆ ದಾರ?"

"ಅದು ಆಲೂಗಡ್ಡೆ ಸಾಲಿಗೆ ಅಂತ ನಾನು ಕಟ್ಟಿದ್ದು. ನೀನು ಹಿಂಡಿದ್ದನ್ನ ಅವತ್ತು ಮನೆಗೆ ಹೋಗ್ತಾ ನೋಡ್ದೆ. ಆಲೂಗಡ್ಡೆ ಬೇರೆ ಕಡೆ ನೆಟ್ಟೆ."

"ಅವತ್ತೇ ಹೇಳೋಕೇನಾಗಿತ್ತು ನಿಂಗೆ?"

"ನಿನ್ನ ಮುಖ ನೋಡ್ದೆ. ಕೈಯಲ್ಲಿ ಆ ಚೀಲ ಬೇರೆ. ಧೈರ್ಯ ಬರ್ಲಿಲ್ಲ."

ನಾನು ಸೊಂಟಕ್ಕೆ ಕೈಕೊಟ್ಟೆ. "ಸಾಲು ಎಬ್ಬಿಸ್ತೀನಿ ಅಂದಿದ್ದೆ. ಎಲ್ಲಿ ಅಂತ ಅಂದಿರ್ಲಿಲ್ಲ."

ಹರ್ಬರ್ಟ್ ನ್ಯಾಯವಂತ. ಹಿರಿಯರ ಮುಖ ನೋಡಿ ತಲೆಯಾಡಿಸಿದ. "ಒಪ್ಪಿದೆ. ಪಂದ್ಯ ನಿಂದೇ, ತೋಟ ನಿಂದೇ." ಸಿರಿಲ್ ಗುಡಿಸಲಿನ ಗೋಡೆಗೆ ಒರಗಿ ನೆಮ್ಮದಿಯ ಉಸಿರು ಬಿಟ್ಟ. "ಆದ್ರೆ ಸಂಘದ ನಿಯಮ ಗೊತ್ತಲ್ಲ. ಯಾರ ಮಣ್ಣೋ ಅವ್ರ ಬೆಳೆ."

"ಹಾಗಾದ್ರೆ ಕಿತ್ತು ಆಚೆ ನೆಡ್ತೀನಿ."

ಪಾರ್ಸ್ನಿಪ್ಪನ್ನು ಕಿತ್ತು ನೆಟ್ಟರೆ ಅದರ ಬೇರು ಮುನಿಸಿಕೊಂಡು ಎರಡು ಕಾಲಾಗಿ ಕವಲೊಡೆಯುತ್ತದೆ. ಅದಕ್ಕೆ ಚಡ್ಡಿ ತೊಡಿಸಬಹುದೇ ಹೊರತು ಬಹುಮಾನಕ್ಕೆ ಇಡಲಾಗದು. ಅದು ನನಗೂ ಗೊತ್ತು.

ಆದರೂ ಬಗ್ಗುವವಳೇ ನಾನು? "ಬೆಳೆ ನಿಂದಾಗಿರ್ಬೋದು ಹರ್ಬರ್ಟ್. ಬೆಳೆಸೋಳು ನಾನು. ಕಳೆ ಕೀಳೋಳು ನಾನು, ನೀರು ಹಾಕೋಳು ನಾನು. ಇದಕ್ಕೆ ನೀನು ಒಂದು ಬೆರಳು ಸೋಕ್ಸಿದ್ರೆ ನೋಡು ಮತ್ತೆ."

"ನಿನ್ನಿಷ್ಟ ಕಣೇ," ಅಂದ.

ಹಟ ಹಿಡಿದರೆ ಹಿಡಿದಂತೆ. ಆ ಬೇಸಿಗೆಯೆಲ್ಲ ನಾನು ಹರ್ಬರ್ಟನ ಮಣ್ಣಿನಲ್ಲಿ ಮಂಡಿಯೂರಿ ಕಳೆ ಕಿತ್ತೆ. ಹರ್ಬರ್ಟ್ ಮಡಿಚುವ ಕುರ್ಚಿ ಹಾಕಿಕೊಂಡು ಕೂತ. ಆಮೇಲೆ ಸಿರಿಲ್‌ಗೂ ಒಂದು ಕುರ್ಚಿ ಬಂತು. ಇಬ್ಬರೂ ಚಹಾ ಕುಡಿಯುತ್ತ, ಅಲ್ಲೊಂದು ಕಳೆ ಉಳಿಯಿತು, ಇಲ್ಲೊಂದು ಉಳಿಯಿತು ಎಂದು ನನಗೆ ತೋರಿಸುತ್ತಿದ್ದರು.

ಒಂದು ದಿನ ಗೇಟಿನ ಬಳಿಯ ತುಂಡನ್ನು ಹೊಸದಾಗಿ ಹಿಡಿದ ಹೆಂಗಸೊಬ್ಬಳು ದಾರಿಯಲ್ಲಿ ನಿಂತಳು. ನನ್ನನ್ನು ನೋಡಿದಳು, ಸಾಲನ್ನು ನೋಡಿದಳು, ಕುರ್ಚಿಯಲ್ಲಿದ್ದ ಹರ್ಬರ್ಟನ ಕಡೆ ತಿರುಗಿದಳು.

"ಎಷ್ಟು ಅಚ್ಚುಕಟ್ಟಾಗಿ ಮಾಡ್ತಾರೆ. ಇಂಥ ಕೆಲಸದವ್ರು ಈಗ ಸಿಗೋದೇ ಇಲ್ಲ. ಸಂಬಳ ಏನು ಕೊಡ್ತೀರಿ ಇವ್ರಿಗೆ?"

ಹರ್ಬರ್ಟ್ ಚಹಾದ ಲೋಟ ಕೆಳಗಿಟ್ಟು ವಿನಯದಿಂದ ಹೇಳಿದ.

"ಸಂಬಳ ಏನೂ ಇಲ್ಲಮ್ಮ. ನನ್ನ ಹತ್ರ ಜಗಳ ಆಡಿ ಈ ಕೆಲಸ ಗಿಟ್ಟಿಸ್ಕೊಂಡಿದ್ದಾಳೆ."