ಒಂಟಿಕೈ ಅಡ್ಡಬಿಲ್ಲಿಗೆ ಬಾಣ ಹೂಡುವ ಹುದ್ದೆ

ಮನುಷ್ಯನಿಗೆ ಎರಡೇ ಕೈಗಳಿರುತ್ತವೆ ಎಂಬ ಸಂಗತಿ 1991ರ ಒಂದು ಭಾನುವಾರ ಮಸ್ಕಿಯಲ್ಲಿ ಅಧಿಕೃತವಾಗಿ ಬೆಳಕಿಗೆ ಬಂತು. ಇದರಿಂದಾಗಿ ಒಂದು ಸುರಂಗದಲ್ಲಿ ಸಂಚಾರ ಸ್ಥಗಿತಗೊಂಡಿತು.

ಸುರಂಗ ಇದ್ದದ್ದು ಮಾತಿನಲ್ಲಿ. ಕಾಲುವೆ ಕೆಲಸ ನೋಡಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬರು ಬಿಟ್ಟುಹೋದ ಡಬ್ಬಿಯಲ್ಲಿ ಹಲವು ಮುಖಗಳ ದಾಳಗಳೂ ಒಂದು ನಿಯಮದ ಪುಸ್ತಕವೂ ಸಿಕ್ಕಿದ್ದವು. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ವೇಷ ಆರಿಸಿಕೊಳ್ಳಬೇಕು. ನಿರೂಪಕ ಎಂಬೊಬ್ಬ ಗುಹೆ, ರಾಕ್ಷಸ ಎಲ್ಲವನ್ನೂ ಬಾಯಲ್ಲೇ ಹುಟ್ಟಿಸಬೇಕು. ಗೆಲುವು ಸೋಲು ದಾಳ ಹೇಳಬೇಕು. ಈ ಆಟಕ್ಕೆಂದೇ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸಮಾನಮನಸ್ಕರು ಕಾಲ್ಪನಿಕ ಸಾಹಸಿಗಳ ಸಂಘ ಸ್ಥಾಪಿಸಿದ್ದರು. ಮಸ್ಕಿ ನಡುವೆ ಬರುತ್ತದೆಂದು ಮೌಲಾಸಾಬನ ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ ಸಭೆ. ನಿರೂಪಕರಾಗಿ ಕಚೇರಿಯೊಂದರ ನಿವೃತ್ತ ಹೆಡ್ ಕ್ಲರ್ಕ್ ಅಮರಗುಂಡಪ್ಪನವರನ್ನು ಅವಿರೋಧವಾಗಿ ಆರಿಸಲಾಗಿತ್ತು. ಕೇಳಿದ್ದಕ್ಕೆ ಇಲ್ಲ ಎನ್ನುವ ಅನುಭವ ಅವರಷ್ಟು ಬೇರೆ ಯಾರಿಗೂ ಇರಲಿಲ್ಲ.

ಸಿಂಧನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದ ಕರಿಬಸಪ್ಪ ಆಟದಲ್ಲಿ ಚೋರ. ಸಂಘಕ್ಕೆ ಬಂದಾಗಿನಿಂದ ಅವನು ಒಂದು ಇಲಿಯನ್ನೂ ಕೊಂದಿರಲಿಲ್ಲ. ಯುಗಾದಿಯೊಳಗೆ ಒಂದಾದರೂ ಸಾಹಸ ಮಾಡದ ಸದಸ್ಯನನ್ನು ಪ್ರೇಕ್ಷಕ ದರ್ಜೆಗೆ ಇಳಿಸತಕ್ಕದ್ದು ಎಂದು ಸಂಘದ ನಿಯಮ. ಪ್ರೇಕ್ಷಕ ದಾಳ ಮುಟ್ಟುವಂತಿಲ್ಲ, ಕೂಗುವಂತಿಲ್ಲ. ಕರಿಬಸಪ್ಪ ಅಂಗಡಿಯಲ್ಲಿ ತೂಕ ಹಾಕುವಾಗಲೂ ಇದನ್ನೇ ಚಿಂತಿಸುತ್ತಿದ್ದ. ಕೊನೆಗೆ ಚೋರನ ಕುದುರೆ ಮಾರಿ ಒಂಟಿಕೈ ಅಡ್ಡಬಿಲ್ಲು ಕೊಂಡ. ಪಿಸ್ತೂಲಿನ ಹಾಗೆ ಒಂದೇ ಕೈಯಲ್ಲಿ ಹಿಡಿದು ಹಾರಿಸುವ ಪುಟ್ಟ ಆಯುಧ. ಇನ್ನೊಂದು ಕೈ ಬಿಡುವಾಗಿರುತ್ತದೆಂಬುದೇ ಅದರ ಹಿರಿಮೆ. ಆ ಬಿಡುವಾದ ಕೈಗೆ ಅವನು ದೀವಟಿಗೆ ಕೊಟ್ಟ.

ಆ ಭಾನುವಾರ ಇಕ್ಕಟ್ಟಾದ ಸುರಂಗದಲ್ಲಿ ಚೋರನೇ ಮುಂದೆ. ಎದುರಿಗೆ ರಾಕ್ಷಸ.

"ಹೊಡದೆ!" ಎಂದು ಕರಿಬಸಪ್ಪ ದಾಳ ಎತ್ತಿದ.

"ದಾಳ ಕೆಳಗಿಡ್ರಿ," ಎಂದರು ಅಮರಗುಂಡಪ್ಪನವರು. "ಬಾಣ ಹೂಡಿದವರು ಯಾರು?"

"ನಾನಽ ರೀ."

"ಬಲಗೈಯಾಗ ಬಿಲ್ಲು. ಎಡಗೈಯಾಗ ದೀವಟಿಗೆ. ಹೂಡಿದ ಕೈ ಯಾವ್ದು? ಮೂರನೇದ್ದು ಇದ್ರ ದಾಖಲಾ ತರ್ರಿ."

"ದೀವಟಿಗೆ ಬಾಯಾಗ ಹಿಡೀತೀನ್ರಿ."

"ಮೀಸಿ ಹತ್ತಿಕೊಂಡ್ರ ರಾಕ್ಷಸ ನಕ್ಕಽ ಸಾಯ್ತಾನ, ಬಿಡ್ರಿ," ಎಂದರು ಲಿಂಗಸುಗೂರಿನ ಶೇಖರಮ್ಮ ಟೀಚರು. ಆಟದಲ್ಲಿ ಅವರು ಮಂತ್ರವಾದಿ.

"ಟೀಚರ, ನೀವರ ಒಂದು ಬಾಣ ಹೂಡಿ ಕೊಡ್ರಿ."

"ನನ್ನ ಕೈಯಾಗ ಮಂತ್ರದಂಡ ಐತಿ. ಕೆಳಗಿಟ್ರ ಮೈಲಿಗಿ ಆಕ್ಕತಿ."

ಮೌಲಾಸಾಬನದು ಎರಡು ಕೈಯ ಕತ್ತಿ. "ಸರೀಬೇ ಆಕಡೆ," ಎಂದ ಅವನು. "ನಾ ಒಂದಽ ಏಟಿಗೆ ಕಡದು ಒಗೀತೀನಿ. ಕೆಳಗ ಗಿರಾಕಿ ಪಂಚರ್ ಹಚ್ಚಿಸಾಕ ನಿಂತಾನ."

"ನೀ ಕಡದ್ರ ಸಾಹಸ ನಿನ್ನ ಹೆಸರಿಗೆ ಹೊಕ್ಕತಿ. ನಾ ಸರಿಯಂಗಿಲ್ಲ," ಎಂದು ಕರಿಬಸಪ್ಪ ಸುರಂಗಕ್ಕೆ ಅಡ್ಡ ನಿಂತ.

ಬಾಣ ಹೂಡಲು ಒಬ್ಬ ಸಹಾಯಕ ಬೇಕೆಂದು ಅವನು ಅರ್ಜಿ ಹಾಕಿದ. ಅಮರಗುಂಡಪ್ಪನವರು ಸ್ವೀಕರಿಸಿದರು. ಹುದ್ದೆ ಮಂಜೂರಾಗುವವರೆಗೆ ಸುರಂಗದಲ್ಲಿ ಯಥಾಸ್ಥಿತಿ ಕಾಯ್ದುಕೊಳ್ಳಬೇಕೆಂದೂ, ಆ ಅವಧಿಯಲ್ಲಿ ರಾಕ್ಷಸನು ಯಾರನ್ನೂ ತಿನ್ನತಕ್ಕದ್ದಲ್ಲವೆಂದೂ ಆದೇಶವಾಯಿತು. ತಿನ್ನದೆ ಅವನು ಸೊರಗಬಾರದೆಂದು ಅರ್ಜಿದಾರನ ಖರ್ಚಿನಲ್ಲಿ ಜೀವನಾಧಾರ ಕುರಿಗಳನ್ನು ಒದಗಿಸಲಾಯಿತು. ಕರಿಬಸಪ್ಪ ಕುರಿಗಾಗಿ ಚೋರನ ಚಪ್ಪಲಿ, ಹಗ್ಗ, ಕಡೆಗೆ ಮುಖವಾಡವನ್ನೂ ಮಾರಿದ. ರಾಕ್ಷಸನ ಮೈ ತುಂಬಿಕೊಂಡಿತು.

ಮಳೆಗಾಲ ಕಳೆದು ಭತ್ತ ಕೊಯ್ಲಾದ ಮೇಲೆ ಹುದ್ದೆ ಮಂಜೂರಾಯಿತು. ಸೈಕಲ್ ಅಂಗಡಿಯ ಗೋಡೆಗೆ ಪ್ರಕಟಣೆ ಅಂಟಿಸಿದರು:

"ಒಂಟಿಕೈ ಅಡ್ಡಬಿಲ್ಲಿಗೆ ಬಾಣ ಹೂಡುವ ಸಹಾಯಕ ಬೇಕಾಗಿದ್ದಾನೆ. ಅಭ್ಯರ್ಥಿಗೆ ಎರಡು ಕೈಗಳಿದ್ದು ಎರಡೂ ಖಾಲಿ ಇರತಕ್ಕದ್ದು. ಸುರಂಗದ ಕಾಯಂ ನಿವಾಸಿಗಳಿಗೆ ಆದ್ಯತೆ. ಹುದ್ದೆ ಕಾಲ್ಪನಿಕ."

ಮರುದಿನ ಮುದಗಲ್ ಬಸ್ಸಿನಿಂದ ಪದವೀಧರರು ಇಳಿದರು. ಅಂಗಡಿಯ ಮುಂದೆ ಸಾಲು ಹಚ್ಚಿದರು.

"ಕಾಲ್ಪನಿಕ ಅಂತ ಬರದಾರಲ್ಲೋ ತಮ್ಮಾ," ಎಂದ ಮೌಲಾಸಾಬ್.

"ಇರ್ಲಿ ರೀ," ಎಂದ ಸಾಲಿನ ಮುಂದಿದ್ದವನು. "ಪರ್ಮನೆಂಟ್ ಐತಲ್ಲ?"

ಸುರಂಗದಲ್ಲಿ ವಾಸವಿಲ್ಲದ ಕಾರಣ ಅವರೆಲ್ಲರ ಅರ್ಜಿಗಳು ತಿರಸ್ಕೃತವಾದವು. ಪರಿಶೀಲನೆಯಲ್ಲಿ, ಸದರಿ ಸುರಂಗದಲ್ಲಿ ಹುಟ್ಟಿ ಬೆಳೆದು ಎರಡೂ ಕೈ ಖಾಲಿ ಇಟ್ಟುಕೊಂಡು ಕೂತಿರುವವನು ರಾಕ್ಷಸ ಒಬ್ಬನೇ ಎಂದು ಕಂಡುಬಂತು. ಅಮರಗುಂಡಪ್ಪನವರು ಅವನ ಸಂದರ್ಶನ ನಡೆಸಿದರು. ಪ್ರಶ್ನೆಯನ್ನು ತಮ್ಮ ದನಿಯಲ್ಲೂ ಉತ್ತರವನ್ನು ದಪ್ಪ ದನಿಯಲ್ಲೂ ತಾವೇ ಹೇಳಿದರು. ಹಿಂದಿನ ಅನುಭವ ಏನೆಂದು ಕೇಳಿದ್ದಕ್ಕೆ ರಾಕ್ಷಸ, ಮನುಷ್ಯರ ಜೊತೆ ಹತ್ತಿರದಿಂದ ಕೆಲಸ ಮಾಡಿದ್ದೇನೆ ಎಂದ. ಆಯ್ಕೆಯಾದ.

ಯುಗಾದಿ ಇನ್ನೇನು ವಾರವಿತ್ತು. ಕರಿಬಸಪ್ಪ ಅಂಗಡಿಗೆ ಬೀಗ ಹಾಕಿ ಮೊದಲ ಬಸ್ಸಿಗೇ ಬಂದ.

"ಸಹಾಯಕ ಬಾಣ ಹೂಡ್ಯಾನೇನ್ರಿ?"

"ಹೂಡ್ಯಾನ. ಚಂದ ಹೂಡ್ಯಾನ."

"ಹಂಗಾರ ಹೊಡದೆ!"

"ಯಾರಿಗೆ?"

"ರಾಕ್ಷಸಗ ರೀ! ಮತ್ಯಾರಿಗೆ?"

ಅಮರಗುಂಡಪ್ಪನವರು ಕನ್ನಡಕ ತೆಗೆದರು. "ಕರ್ತವ್ಯದ ಮ್ಯಾಲಿದ್ದ ನೌಕರನ ಮ್ಯಾಲೆ ಹಲ್ಲೆ ಮಾಡ್ತೀರಿ? ಅದೂ ಅವನಽ ಹೂಡಿದ ಬಾಣದಿಂದ?"

ಕರಿಬಸಪ್ಪ ದಾಳವನ್ನು ಕೈಯಲ್ಲೇ ಹಿಡಿದುಕೊಂಡ. "ಹಂಗಾರ ನನ್ನ ಗತಿ ಏನ್ರಿ? ಪ್ರೇಕ್ಷಕ ಆಗಿ ಬಾಯಿ ಮುಚ್ಕೊಂಡು ಕುಂಡ್ರಬೇಕಾ?"

"ಯಾರಂದ್ರು? ರಾಕ್ಷಸ ಈಗ ನಿಮ್ಮ ಕೈಕೆಳಗದಾನ. ರಾಕ್ಷಸನ್ನ ಅಧೀನದಾಗ ಇಟ್ಕೊಂಡವ್ರು ಈ ಮಾಳಿಗಿ ಮ್ಯಾಲೆ ಮತ್ಯಾರದಾರ? ಇದು ಸಾಹಸ ಅಲ್ಲೇನು?"

ಕರಿಬಸಪ್ಪ ಯೋಚಿಸಿದ. "ಅವನ ರಜಾ ಮಂಜೂರು ಮಾಡಾಂವ ನಾನಽ ಏನ್ರಿ?"

"ನೀವಽ."

"ನಾ ಒಲ್ಲೆ ಅಂದ್ರ?"

"ಅವಗ ರಜಾ ಇಲ್ಲ."

ಕರಿಬಸಪ್ಪ ದಾಳವನ್ನು ಮೆಲ್ಲಗೆ ಕೆಳಗಿಟ್ಟ. ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿ, ಕಾಲ ಮೇಲೆ ಕಾಲು ಹಾಕಿ ಕೂತ.

ಯುಗಾದಿಯ ಸಭೆಯಲ್ಲಿ ಅವನ ಸದಸ್ಯತ್ವ ಮುಂದುವರಿಯಿತು. ಒಂದು ಬಾಣವನ್ನೂ ಬಿಡದೆ ಒಬ್ಬನಿಗೆ ನೌಕರಿಯನ್ನೂ ಇನ್ನೊಬ್ಬನಿಗೆ ಅಧಿಕಾರವನ್ನೂ ದೊರಕಿಸಿಕೊಟ್ಟ ಒಂಟಿಕೈ ಅಡ್ಡಬಿಲ್ಲು ಅತ್ಯಂತ ಉಪಯುಕ್ತ ಆಯುಧವೆಂದು ಠರಾವಾಯಿತು. ಮೌಲಾಸಾಬ್ ಕತ್ತಿ ಮಾರಿ ಒಂದನ್ನು ಕೊಂಡ. ಶೇಖರಮ್ಮ ಟೀಚರು ಮೈಲಿಗೆಯ ವಿಚಾರ ಬಿಟ್ಟು ಮಂತ್ರದಂಡ ಮಾರಿದರು. ಇಬ್ಬರೂ ಸಹಾಯಕರಿಗಾಗಿ ಅರ್ಜಿ ಹಾಕಿದರು. ಅಮರಗುಂಡಪ್ಪನವರು ಸುರಂಗಕ್ಕೆ ಇನ್ನಿಬ್ಬರು ರಾಕ್ಷಸರನ್ನು ಕರೆಸಿದರು.

ಹಿರಿಯ ರಾಕ್ಷಸನ ಸೇವೆ 1993ರಲ್ಲಿ ಕಾಯಂ ಆಯಿತು. ಅವನು ಸದ್ಯ ಗಳಿಕೆ ರಜೆಯ ಮೇಲಿದ್ದಾನೆ.