ಆರೋಪಕ್ಕೆ ಆನೆ, ಖುಲಾಸೆಗೆ ಕೈಗಂಟೆ

ಬಹಳ ಹಿಂದೆ, ಅಂದರೆ ವಿಚಾರಣೆ ಮುಗಿಯುವವರೆಗೆ ಜನ ಬಾಯಿ ಮುಚ್ಚಿಕೊಂಡಿರುತ್ತಿದ್ದ ಕಾಲಕ್ಕಿಂತ ತುಸು ಈಚೆಗೆ, ದುಂದುಭಿಪುರವೆಂಬ ರಾಜ್ಯವಿತ್ತು. ಅಲ್ಲಿ ಪತ್ರಿಕೆಯೂ ಡಂಗುರವೇ, ಟೀವಿಯೂ ಡಂಗುರವೇ. ಅದನ್ನು ಬಾರಿಸುವವನು ಭರಮಣ್ಣ. ಯಾರ ಮೇಲಾದರೂ ಆರೋಪ ಬಂದರೆ ಆನೆಯ ಮೇಲೆ ನಗಾರಿ ಹೇರಿ ಏಳು ಚೌಕಗಳಲ್ಲಿ ಸಾರಬೇಕು. ಆರೋಪ ಸುಳ್ಳಾದರೆ ಚಾವಡಿಯ ಹಿಂದೆ ನಿಂತು ಒಂದು ಸಲ ಕೈಗಂಟೆ ಅಲ್ಲಾಡಿಸಿದರೆ ಸಾಕು. ಆರೋಪಿ ಮಂತ್ರಿಯ ಬಳಗದವನಾದರೆ ಮಾತ್ರ ಅಂದು ಆನೆಗೆ ನೆಗಡಿ. ಹಿರಿಯರು ನಡೆಸಿಕೊಂಡು ಬಂದ ಪದ್ಧತಿ, ಯಾರೇನು ಮಾಡುವುದು?

ಭರಮಣ್ಣ ಹೊಟ್ಟೆಪಾಡಿಗೆ ಬಾರಿಸುತ್ತಿದ್ದನೇ ಹೊರತು ಕೆಟ್ಟವನಲ್ಲ. ರಾಜವಿದ್ಯಾಪೀಠದ ಓಟಗಾರ್ತಿ ನೀಲವ್ವ ದಿನಾ ಬೆಳಗ್ಗೆ ಅವನ ಮನೆ ಮುಂದೆ ಓಡುತ್ತ, "ಎದ್ದೀರೇನ್ರಿ ಕಾಕಾ?" ಎಂದು ಕೂಗಿ ಹೋಗುತ್ತಿದ್ದಳು. ಅವನು ಏಳುತ್ತಿದ್ದುದೇ ಆ ಕೂಗಿಗೆ.

ಆ ವರ್ಷದ ಓಟದಲ್ಲಿ ನೀಲವ್ವ ಗೆದ್ದಳು. ಎದುರಾಳಿ ನಡುದಾರಿಯಲ್ಲೇ ಹೊಟ್ಟೆ ಹಿಡಿದು ಕೂತಳು. ನೀಲವ್ವ ಅವಳ ಮಜ್ಜಿಗೆಗೆ ಏನೋ ಬೆರೆಸಿರಬಹುದೆಂದು ಯಾರೋ ಅಂದರು. ಮಧ್ಯಾಹ್ನದೊಳಗೆ ಏಳು ಚೌಕಗಳಲ್ಲೂ ಬ್ರೇಕಿಂಗ್ ನ್ಯೂಸ್: "ಮಜ್ಜಿಗೆಗೆ ವಿಷವಿಕ್ಕಿದ ನೀಲವ್ವ!"

ಸಂಜೆ ಅವಳು ಭರಮಣ್ಣನ ಬಾಗಿಲಿಗೆ ಬಂದಳು. "ಕಾಕಾ, ನಾ ಏನೂ ಮಾಡಿಲ್ರಿ. ಸಾರೂಕಿಂತ ಮೊದ್ಲ ನನ್ನ ಒಂದ್ ಮಾತು ಕೇಳಬಾರದಿತ್ತೇನ್ರಿ?"

"ಕೇಳೂದು ನನ್ನ ಕೆಲಸಲ್ಲ ತಂಗಿ, ಒದರೂದಷ್ಟ ನನ್ನ ಕೆಲಸ."

"ವಿದ್ಯಾಪೀಠದಾಗ ಹೆಸರು ತಗದಾರ್ರಿ. ಊರು ನನ್ನ ನಂಬಿದ್ರ ಮತ್ತ ಸೇರಿಸ್ಕೋತಾರಂತ."

ಭರಮಣ್ಣನಿಗೆ ತಲೆ ಎತ್ತಲಾಗಲಿಲ್ಲ. ನಾಚಿಕೆಯಾಯಿತು.

ರಾಜವೈದ್ಯರು ವಿಚಾರಿಸಿದರು. ಎದುರಾಳಿ ಓಟದ ಹಿಂದಿನ ದಿನ ಮದುವೆಯೊಂದರಲ್ಲಿ ಹದಿನೇಳು ಹೋಳಿಗೆ ತಿಂದಿದ್ದಳು. ನೀಲವ್ವ ನಿರಪರಾಧಿ ಎಂದಾಯಿತು, ಭರಮಣ್ಣನ ಕೈಗೆ ಕೈಗಂಟೆ ಬಂತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಅದನ್ನು ಕೆಳಗಿಟ್ಟು ದರ್ಬಾರಿಗೆ ನಡೆದ.

"ಮಹಾಪ್ರಭು, ಸುಳ್ಳಿಗೆ ಆನಿ ಕೊಟ್ಟೀರಿ. ಖರೇಕ್ಕೂ ಆನಿ ಕೊಡ್ರಿ."

ಘೋಷವರ್ಮ ಮಹಾರಾಜರು ಮಂತ್ರಿಯ ಮುಖ ನೋಡಿದರು. "ಆಹಾ! ಪ್ರಭುಗಳ ಮನದಲ್ಲಿದ್ದುದನ್ನೇ ಇವನು ಕದ್ದು ಹೇಳುತ್ತಿದ್ದಾನೆ," ಎಂದ ಮಂತ್ರಿ.

"ಹೌದೆ?" ಎಂದು ಮಹಾರಾಜರು ಸಂತೋಷಪಟ್ಟರು.

ಕೂಡಲೇ ಸಮತೋಲನ ಕಮಿಟಿ ಕೂತಿತು, ಗೋಡಂಬಿ ಮುಗಿದ ಮೇಲೆ ಎದ್ದಿತು. ರಾಜಾಜ್ಞೆ ಹೊರಬಿತ್ತು: ಇನ್ನು ಖುಲಾಸೆಗೂ ಆನೆ, ಖುಲಾಸೆಗೂ ನಗಾರಿ. ಆದರೆ ಯಾವುದರಿಂದ ಖುಲಾಸೆಯೆಂದು ಪ್ರಜೆಗಳಿಗೆ ತಿಳಿಯಬೇಡವೆ? ಆದ್ದರಿಂದ ಪ್ರತಿ ಚೌಕದಲ್ಲೂ ಮೊದಲು ಹಳೆಯ ಆರೋಪವನ್ನು ಮೂರು ಸಲ ಸಾರತಕ್ಕದ್ದು. ಟ್ರಾಫಿಕ್ಕಿನ ದೃಷ್ಟಿಯಿಂದ ಆನೆ ಎಲ್ಲಿಯೂ ನಿಲ್ಲತಕ್ಕದ್ದಲ್ಲ.

ಭರಮಣ್ಣ ಹುರುಪಿನಿಂದ ಆನೆ ಹತ್ತಿದ. ಆರೋಪವನ್ನು ಮೂರು ಸಲ ಸಾರಿ ಮುಗಿಸುವಷ್ಟರಲ್ಲಿ ಆನೆ ಮೊದಲ ಚೌಕ ದಾಟಿತ್ತು. "ಎಲ್ಲಾ ಸುಳ್ಳು, ಹುಡುಗಿದು ತಪ್ಪಿಲ್ಲ!" ಎಂದು ಅವನು ಗಂಟಲು ಹರಿಯುವಂತೆ ಕೂಗಿದ್ದು ದಾರಿಯಲ್ಲಿದ್ದ ಎರಡು ಎಮ್ಮೆಗಳಿಗೆ ಮಾತ್ರ ಕೇಳಿಸಿತು. ಏಳು ಚೌಕಗಳಲ್ಲೂ ಇದೇ ಹಾಡು. ಹಿಂದೆ ಉಳಿದ ಜನ ಮಾತಾಡಿಕೊಂಡರು: "ಆ ಹುಡುಗಿ ಮತ್ತ ಸಿಕ್ಕಬಿದ್ದಾಳಂತ ನೋಡು!"

ನೀಲವ್ವ ಊರು ಬಿಟ್ಟಳು.

ಮಹಾರಾಜರಿಗೆ 'ಸಮತೋಲನ ಸಾರ್ವಭೌಮ' ಎಂಬ ಬಿರುದು ಬಂತು. ಆನೆಯ ಎರಡನೇ ಸುತ್ತಿನ ಕಬ್ಬಿಗಾಗಿ ಮನೆಮನೆಗೂ ನ್ಯಾಯದ ಸೆಸ್ ಬಿತ್ತು. ಗೆದ್ದವರ ಬೆನ್ನಿಗೆ ಆನೆ ಬೀಳುತ್ತದೆಂದು ತಾಯಂದಿರು ಮಕ್ಕಳನ್ನು ಮನೆಯಲ್ಲೇ ಕೂಡಿಸಿಕೊಂಡಿದ್ದರಿಂದ ಮರುವರ್ಷದ ಓಟಕ್ಕೆ ಯಾರೂ ಹೆಸರು ಕೊಡಲಿಲ್ಲ. ಮಹಾರಾಜರು ಖಾಲಿ ಮೈದಾನದಲ್ಲಿ ಆನೆಯನ್ನೇ ನಡೆಸಿ, ಅದಕ್ಕೇ ಪ್ರಥಮ ಬಹುಮಾನವಿತ್ತು ಹಾರ ಹಾಕಿದರು. ಪ್ರಜೆಗಳು ಸೆಸ್ ಕಟ್ಟಿ ಬಂದ ಕೈಯಲ್ಲೇ ಚಪ್ಪಾಳೆ ತಟ್ಟಿದರು.

ಸಲಹೆ ಕೊಟ್ಟ ಭರಮಣ್ಣನಿಗೂ ಒಂದು ಬೆಳ್ಳಿ ಕಡಗ ಸಿಕ್ಕಿತು. ಬೆಳಗ್ಗೆ ಮಾತ್ರ ಈಗ ಅವನನ್ನು ಯಾರೂ ಎಬ್ಬಿಸುವುದಿಲ್ಲ. ತಾನಾಗಿಯೇ ಎದ್ದು, ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾದು, ಬಿಸಿಲೇರಿದ ಮೇಲೆ ಮುಂದಿನ ಆರೋಪಕ್ಕೆಂದು ನಗಾರಿ ಕಾಯಿಸಲು ಇಡುತ್ತಾನೆ.